ಅಪ್ಪನ ಎರಡನೆಯ ಗುಳಿಗೆ

ಇನ್ನೊಬ್ಬರ ದನಿ ತೆಗೆಯುವವನಿಗೆ ಒಂದು ದೊಡ್ಡ ತೊಂದರೆ ಇದೆ: ಚೆನ್ನಾಗಿ ತೆಗೆದರೆ ಜನ ನಂಬಿಬಿಡುತ್ತಾರೆ. ಹಂಸಭಾವಿಯಲ್ಲಿ ನಾನು ಅಣಕಿಸದ ಮನುಷ್ಯನಿಲ್ಲ. ಕಂಡಕ್ಟರ್ ಮೂಗಿನಲ್ಲೇ "ಹಿರೇಕೆರೂರ್ ಹಿರೇಕೆರೂರ್" ಎಂದು ಕೂಗುವುದು, ಹೆಣ್ಣು ನೋಡಲು ಸವಣೂರಿಗೆ ಹೋದ ನಾನೇ ಚಹಾದ ಬಸಿ ನಡುಗಿಸುತ್ತ ಕುಳಿತದ್ದು, ಎಲ್ಲವನ್ನೂ ಮಾಡಿ ತೋರಿಸುತ್ತೇನೆ. ಈ ವಿದ್ಯೆ ಹೋಗಿ ಅಪ್ಪನ ಕಾಲಿಗೆ ಬಡಿಯುತ್ತದೆಂದು ಮಾತ್ರ ಗೊತ್ತಿರಲಿಲ್ಲ.

ಅಪ್ಪನಿಗೆ ಕೊಲೆಸ್ಟ್ರಾಲ್. ವರ್ಷದಿಂದ ಹೆಸರಾಂತ ಕಂಪನಿಯ ಗುಳಿಗೆ, ದಿನಕ್ಕೊಂದು. ಅದೇ ಔಷಧ ಜನರಿಕ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಡಾಕ್ಟರರೇ ಹೇಳಿದ್ದರಿಂದ ಹಿರೇಕೆರೂರಿಗೆ ಹೋಗಿ ತಂದೆ. ಬರೀ ಗುಳಿಗೆ ತಂದಿದ್ದರೆ ಮುಗಿಯುತ್ತಿತ್ತು, ಅಂಗಡಿಯವನನ್ನೂ ಗಂಟಲಲ್ಲಿ ತುಂಬಿಕೊಂಡು ಬಂದಿದ್ದೆ. ಅವನ ಗೊಗ್ಗರು ದನಿಯಲ್ಲಿ ಶುರು ಮಾಡಿದೆ: "ಒಳಗಿನ ಔಷಧ ಅದೇ ಐತ್ರಿ ಯಜಮಾನ್ರ, ಡಬ್ಬಿ ಅಷ್ಟ ಬ್ಯಾರೆ!" ಅವ್ವ ರೊಟ್ಟಿ ಬಡಿಯುವುದು ಬಿಟ್ಟು ನಕ್ಕಳು. ನಕ್ಕವರನ್ನು ಅಷ್ಟಕ್ಕೇ ಬಿಡುವವನು ನಾನಲ್ಲ. "ಅಗ್ಗದ್ದು ಅಂತ ಸಂಶೇ ಬಂತಂದ್ರ ಎರಡು ನುಂಗ್ರಿ!" ಎಂದು ನನ್ನದೇ ಒಂದು ಬಾಲ ಹಚ್ಚಿದೆ. ಅಪ್ಪ ನಗಲಿಲ್ಲ. ಗಂಭೀರವಾಗಿ ತಲೆಯಾಡಿಸಿದ.

ಮೂರು ವಾರಕ್ಕೆ ಅಪ್ಪನ ಮೀನಖಂಡಗಳು ಹಿಡಿದುಕೊಂಡವು. ಹೊಲದ ಬದು ಹತ್ತಲಾರ, ಕುಳಿತರೆ ಏಳಲಾರ. "ನಿನ್ನ ಅಗ್ಗದ ಗುಳಿಗಿ ನನ್ನ ಕಾಲು ತಿಂತಲೇ! ಇನ್ನ ಯಾವ ಗುಳಿಗೀನೂ ಬ್ಯಾಡ" ಎಂದು ಡಬ್ಬಿಯನ್ನು ಮೂಲೆಗೆಸೆದ. ನಾನು ಆ ಕುಂಟು ನಡಿಗೆಯನ್ನೂ ಕಲಿತು ಅವ್ವನಿಗೆ ತೋರಿಸಿದೆ. ಈ ಸಲ ಅವಳೂ ನಗಲಿಲ್ಲ. "ಗುಳಿಗಿ ಬಿಟ್ಟು ನಾಳೆ ಎದಿ ಹಿಡ್ಕೊಂಡು ಕುಂತ್ರ, ಅದನ್ನೂ ಮಾಡಿ ತೋರಸ್ತಿಯೇನಪಾ?" ಎಂದಳು. ತಕ್ಷಣ ಬೈಕ್ ತೆಗೆದೆ.

ಡಾಕ್ಟರ್ ಕಾಲು ಒತ್ತಿ ನೋಡಿ, "ದಿನಾ ಎಷ್ಟು ತಗೋತಿದ್ರಿ?" ಎಂದರು.

"ಎರಡ್ರಿ."

"ನಾ ಬರದದ್ದು ಒಂದಲ್ರೀ?"

"ಅದು ತುಟ್ಟಿ ಗುಳಿಗಿಗೆ ಬರದದ್ರಿ. ಗೋವಿನಜ್ವಾಳಕ್ಕ ಅಗ್ಗದ ಹುಳದ ಎಣ್ಣಿ ಹೊಡಿಯಾಕ ಎರಡು ಮುಚ್ಚಳ ಹಾಕೂದಿಲ್ರೀ? ಮ್ಯಾಲೆ ಅಂಗಡ್ಯಾಂವನೂ ಎರಡು ಅಂದಾನ."

"ಅಂವ ಯಾವಾಗ ಅಂದ?"

"ನಮ್ಮ ಹುಡುಗನ ಬಾಯಿಲೆ ಅಂದ್ನಲ್ರೀ."

ಡಾಕ್ಟರ್ ನನ್ನ ಕಡೆ ತಿರುಗಿದರು. ನಾನು ಗೋಡೆಯ ಮೇಲಿದ್ದ ಹೃದಯದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. "ತುಟ್ಟೀದು ಎರಡು ನುಂಗಿದ್ರೂ ಕಾಲು ಹಿಂಗ ಹಿಡಕೋತಿದ್ವು" ಎಂದು ಅಪ್ಪನಿಗೆ ತಿಳಿಹೇಳಿ, ರಕ್ತ ಪರೀಕ್ಷೆ ಮಾಡಿಸಿ, ಕೆಲವು ದಿನ ಗುಳಿಗೆ ನಿಲ್ಲಿಸಿದರು. ನೋವು ಇಳಿದ ಮೇಲೆ ಮತ್ತೆ ಅದೇ ಅಗ್ಗದ ಗುಳಿಗೆ, ದಿನಕ್ಕೆ ಒಂದೇ ಒಂದು.

ಅಪ್ಪ ಈಗ ನನಗಿಂತ ಮೊದಲೇ ಬದು ಹತ್ತಿ ನಿಲ್ಲುತ್ತಾನೆ. ಮನೆಯಲ್ಲಿ ಮಾತ್ರ ಹೊಸ ಕಾನೂನು ಬಂದಿದೆ: ಔಷಧದ ಮಾತನ್ನು ನಾನು ನನ್ನ ಸ್ವಂತ ದನಿಯಲ್ಲೇ ಹೇಳಬೇಕು. ಮೊದಲ ದಿನ ಗಂಟಲು ಸರಿಪಡಿಸಿಕೊಂಡು, "ಒಂದು ಗುಳಿಗಿ ತಗೋಪಾ" ಎಂದೆ. "ಅದು ಡಾಕ್ಟರ್ ದನಿ, ನಡಿಯೂದಿಲ್ಲ" ಎಂದ ಅಪ್ಪ. ಸಿಟ್ಟು ನೆತ್ತಿಗೇರಿತು. "ಒಂದಂದ್ರ ಒಂದ! ಎಷ್ಟ ಸಲ ಹೇಳೂದು?" ಎಂದು ಗುಡುಗಿದೆ. ಒಲೆಯ ಮುಂದಿದ್ದ ಅವ್ವ ಬೆಚ್ಚಿ ತಿರುಗಿ, "ಏನ್ರೀ, ಯಾಕ ಒದರಾಕತ್ತೀರಿ?" ಎಂದು ಅಪ್ಪನನ್ನು ಕೇಳಿದಳು.

ಅಪ್ಪ ಬಾಯಿ ತೆರೆದೇ ಇರಲಿಲ್ಲ. ಗುಳಿಗೆ ಅಂಗೈಯಲ್ಲಿಟ್ಟುಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಗೊಗ್ಗರು ದನಿ ತೆಗೆದು ಅಂದ: "ಒಳಗಿನ ಔಷಧ ಅದೇ ಐತಿ, ಡಬ್ಬಿ ಅಷ್ಟ ಬ್ಯಾರೆ."