ಮೀನಿಗೆ ಮನೆ ಹುಡುಕಿದ್ದು

ಏನೂ ಮಾಡದೆ ಸುಮ್ಮನೆ ಕೂರುವುದು ನನಗೆ ಚೆನ್ನಾಗಿ ಬರುವ ಒಂದೇ ವಿದ್ಯೆ. ಅದಕ್ಕೂ ಒಂದು ಜಾಗ ಬೇಕು ಎನ್ನುವುದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಹೊನ್ನವಳ್ಳಿಯ ನಮ್ಮ ಮನೆಯಲ್ಲಿ ನನಗೆ ಅಂಥದೊಂದು ಜಾಗವಿತ್ತು, ನಡುಮನೆಯ ಕಿಟಕಿಯ ಕೆಳಗಿನ ಮೇಜು. ತಿಪಟೂರಿನ ಹೈಸ್ಕೂಲೊಂದರಲ್ಲಿ ಗುಮಾಸ್ತನಾಗಿದ್ದ ನಾನು ಸಂಜೆ ಬಸ್ಸಿಳಿದು ಬಂದವನೇ ಕಾಫಿ ಲೋಟ ಹಿಡಿದು ಅಲ್ಲಿ ಕೂತರೆ, ಕಿಟಕಿಯಾಚೆ ತೆಂಗಿನ ಗರಿಗಳು ತೂಗುವುದನ್ನು ನೋಡುತ್ತ ಕಾಫಿ ಆರಿದ್ದೂ ತಿಳಿಯುತ್ತಿರಲಿಲ್ಲ. ಎದುರಿಗೆ ಒಂದು ನೋಟ್‌ಬುಕ್ ತೆರೆದಿಟ್ಟಿರುತ್ತಿದ್ದೆ. ಸ್ಕೂಲಿನ ಕೆಲಸವೇನೋ ಮಾಡುತ್ತಿದ್ದೇನೆಂದು ಮನೆಯವರು ಟೀವಿಯ ಸದ್ದು ಕಡಿಮೆ ಮಾಡುತ್ತಿದ್ದರು. ಆ ಒಂದೇ ನೋಟ್‌ಬುಕ್ ನಾಲ್ಕು ವರ್ಷ ಬಂತು ಎಂದರೆ ನೀವೇ ಊಹಿಸಿಕೊಳ್ಳಿ.

ನನ್ನ ಈ ವಿದ್ಯೆಯನ್ನು ಗುರುತಿಸಿದ ಒಬ್ಬರೇ ಒಬ್ಬರು ನಮ್ಮ ಸ್ಕೂಲಿನ ವಿಜ್ಞಾನದ ಮೇಷ್ಟ್ರು. ವರ್ಗವಾಗಿ ಹೊರಡುವ ದಿನ ಒಂದು ದುಂಡು ಉಪ್ಪಿನಕಾಯಿ ಬಾಟಲಿಯನ್ನು ನನ್ನ ಕೈಗಿಟ್ಟರು. ಒಳಗೆ ಬೆರಳುದ್ದದ ನೀಲಿ ಫೈಟರ್ ಮೀನು, ರೇಷ್ಮೆಯ ಸೆರಗಿನಂಥ ರೆಕ್ಕೆ ಬಾಲ. "ಇದನ್ನ ಸುಮ್ನೆ ಕೂತು ನೋಡೋರು ಬೇಕು ಕಣ್ರೀ. ನಿಮ್ಮಷ್ಟು ಪುರಸೊತ್ತು ಇನ್ಯಾರಿಗಿದೆ?" ಎಂದರು. ಹೊಗಳಿದರೋ ಹಂಗಿಸಿದರೋ ಎಂದು ನಾನು ಯೋಚಿಸುತ್ತಿರುವಾಗಲೇ ನಿಯಮಗಳನ್ನೂ ಹೇಳಿ ಮುಗಿಸಿದ್ದರು. ಈ ಬಾಟಲಿ ಊರು ತಲುಪುವವರೆಗೆ ಮಾತ್ರ, ಆಮೇಲೆ ಅಗಲವಾದ ಮನೆ ಬೇಕು. ಬಿಸಿಲು ಬೀಳಬಾರದು, ಹೊಗೆ ತಾಗಬಾರದು. ಮೇಲೆ ಬಂದು ಗಾಳಿ ಕುಡಿಯುತ್ತದೆ, ಆದ್ದರಿಂದ ಮುಚ್ಚಳ ಬಿಗಿಯಬಾರದು. ಹಾರುತ್ತದೆ, ಆದ್ದರಿಂದ ತೆರೆದೂ ಇಡಬಾರದು. ಎಲ್ಲಕ್ಕಿಂತ ಮುಖ್ಯ, ಅಲ್ಲಾಡಿಸಲೇಬಾರದು. ನನ್ನ ಮದುವೆಯ ಮಾತುಕತೆಯಲ್ಲೂ ಇಷ್ಟು ಷರತ್ತುಗಳಿರಲಿಲ್ಲ.

ಮನೆಗೆ ಬಂದು ನೋಡಿದರೆ ಅಷ್ಟು ದೊಡ್ಡ ಮನೆಯಲ್ಲಿ ಅಷ್ಟು ಚಿಕ್ಕ ಪ್ರಾಣಿಗೆ ಜಾಗವೇ ಇಲ್ಲ. ಅಡುಗೆಮನೆಯಲ್ಲಿ ಒಲೆಯ ಹೊಗೆ. ಜಗುಲಿಗೆ ಬೆಳಗಿನ ಬಿಸಿಲು. ಹಿತ್ತಲ ಕಲ್ಲುತೊಟ್ಟಿ ಪ್ರಶಸ್ತವಾಗಿತ್ತು, ಆದರೆ ನಮ್ಮ ಎಮ್ಮೆ ಒಂದೇ ಗುಟುಕಿಗೆ ಅರ್ಧ ತೊಟ್ಟಿ ಎಳೆಯುತ್ತದೆ. ತಾಮ್ರದ ಹಂಡೆಯ ಕಡೆ ನೋಡಿದೆ. "ಅದು ನಮ್ಮಪ್ಪ ಕೊಟ್ಟಿದ್ದು," ಎಂದಳು ನನ್ನ ಹೆಂಡತಿ ಸರೋಜ. ಬೋರ್‌ವೆಲ್ ನೀರು ಆಗುತ್ತದೋ ಇಲ್ಲವೋ ಎಂದು ನಾನು ಚಿಂತಿಸುತ್ತಿದ್ದರೆ, "ಎಳನೀರಲ್ಲೇ ಬುಡಿ, ತಂಪಾಗಿರ್ತದೆ. ನಮ್ಮನೇಲಿ ಅದಕ್ಕೇನು ಬರ?" ಎಂದು ಮನಸಾರೆ ಹೇಳಿದಳು. ಆಗುವ ಮಾತಲ್ಲ. ಆದರೂ ಬೆಳ್ಳನೆಯ ದುಂಡು ಗೋಡೆಗಳ ನಡುವೆ, ಸಿಹಿನೀರಿನಲ್ಲಿ, ಮರದ ತುದಿಯಲ್ಲಿ ಮೆಲ್ಲಗೆ ತೂಗುತ್ತಿರುವ ಆ ನೀಲಿ ಮೀನನ್ನು ನೆನೆಯುತ್ತ ಎಷ್ಟೋ ಹೊತ್ತು ಕೂತಿದ್ದೆ. ಕೊನೆಗೆ ಮುಚ್ಚಳಕ್ಕೆ ಸಣ್ಣ ತೂತು ಹೊಡೆದು, ಬಾಟಲಿಯನ್ನು ಪೂರ್ತಿ ಒಂದು ತೆಳು ಬಟ್ಟೆಯಲ್ಲಿ ಸುತ್ತಿ, ಅಟ್ಟದ ಏಣಿಯ ಪಕ್ಕದ ಮಬ್ಬಿನಲ್ಲಿ ಇಟ್ಟೆ. ತಪ್ಪಾಗಿದ್ದು ಅಲ್ಲೇ.

ನಮ್ಮ ಕಡೆ ಕೊಬ್ಬರಿಗೆಂದು ಇಟ್ಟ ಕಾಯಿ ಹೆಚ್ಚುಕಡಿಮೆ ಒಂದು ವರ್ಷ ಅಟ್ಟದಲ್ಲಿರುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾದಾಗ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗೊಟಗೊಟ ಅನ್ನುತ್ತದೆ. ಐವತ್ತು ವರ್ಷ ಅದನ್ನೇ ಮಾಡಿದ ನಮ್ಮಪ್ಪನಿಗೆ, ದುಂಡಗಿರುವುದು ಏನು ಕೈಗೆ ಸಿಕ್ಕರೂ ಕೈ ತಾನಾಗಿ ಕಿವಿಗೆ ಹೋಗುತ್ತದೆ. ಮಾರನೆಯ ಬೆಳಿಗ್ಗೆ ಅಟ್ಟ ಹತ್ತಲು ಹೊರಟವರು, ಏಣಿಯ ಬುಡದಲ್ಲಿದ್ದ ಬಟ್ಟೆಯ ಉಂಡೆಯನ್ನೆತ್ತಿ ಮೂರು ಸಲ ಚೆನ್ನಾಗಿ ಕುಲುಕಿದರು.

"ಇನ್ನೂ ನೀರೈತೆ ಕಣ್ಲಾ. ಈಗ್ಲೇ ಯಾರು ಇಳಿಸಿದ್ದು ಇದನ್ನ?"

"ಅಪ್ಪಾ, ಅದ್ರೊಳಗೆ ಮೀನೈತೆ!"

ಬಟ್ಟೆ ತೆಗೆದು ನೋಡಿದರೆ ಮೀನು ತಳದಲ್ಲಿ ಒರಗಿ ಬಿದ್ದಿತ್ತು, ರೆಕ್ಕೆಗಳೆಲ್ಲ ಮುದುಡಿ ಹೋಗಿದ್ದವು. ನನಗೆ ಸಿಟ್ಟೂ ಬಂತು, ಅಳುವೂ ಬಂತು. "ಅಯ್ಯೋ ಶಿವನೇ, ಉಸಿರಾಡ್ತಾ ಐತೇನ್ಲಾ?" ಎಂದರು ಅಪ್ಪ. ಅವರ ಮುಖ ನೋಡಿದ ಮೇಲೆ ಬಯ್ಯಲು ಬಾಯಿ ಬರಲಿಲ್ಲ. ಉಸಿರಾಡುತ್ತಿತ್ತು. ಆದರೆ ಆ ದಿನವೂ ಮಾರನೆಯ ದಿನವೂ ಹಾಕಿದ್ದನ್ನು ತಿನ್ನಲಿಲ್ಲ. ಸ್ಕೂಲಿನಲ್ಲಿ ದಾಖಲಾತಿ ಪುಸ್ತಕದ ಮುಂದೆ ಕೂತರೂ ಕಣ್ಣೆದುರಿಗೆ ಅದೇ ಮುದುಡಿದ ಬಾಲ.

ಎರಡನೆಯ ಸಂಜೆ ಅಪ್ಪ ಬಸ್ಸಿಳಿದು ಬಂದರು, ತೊಡೆಯ ಮೇಲಿಟ್ಟುಕೊಂಡು ತಂದ ಗಾಜಿನ ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ. ತಿಪಟೂರಿನಲ್ಲಿ ಫೋಟೋಗಳಿಗೆ ಕಟ್ಟು ಹಾಕುವವನ ಮುಂದೆ ಬೆಳಿಗ್ಗೆಯಿಂದ ಕೂತು ಮಾಡಿಸಿದ್ದರಂತೆ. "ಅಗಲ ಇರ್ಬೇಕು ಅಂದ್ರಂತಲ್ಲ ನಿಮ್ ಮೇಷ್ಟ್ರು," ಎಂದರು, ನನ್ನ ಮುಖ ನೋಡದೆ. ತೋಟದ ಹಳೇ ಬಾವಿಯ ನೀರನ್ನೂ ಹಿಂದಿನ ದಿನವೇ ಸೇದಿ ತಿಳಿಯಾಗಲು ಇಟ್ಟಿದ್ದರು. ಒಂದು ಕರಟವನ್ನು ನುಣ್ಣಗೆ ಉಜ್ಜಿ, ಬಾಗಿಲು ಕೊರೆದು, ಮೀನು ಬೇಕೆಂದಾಗ ಅಡಗಿಕೊಳ್ಳಲಿ ಎಂದು ತಳದಲ್ಲಿ ಬೋರಲು ಹಾಕಿದರು. ಆಮೇಲೆ ಇಡೀ ಮನೆ ಸುತ್ತಿ, ನಡುಮನೆಯ ಕಿಟಕಿಯ ಕೆಳಗೆ ನಿಂತರು. ಬಿಸಿಲಿಲ್ಲ, ಹೊಗೆಯಿಲ್ಲ, ಯಾರೂ ಏನನ್ನೂ ಅಲ್ಲಾಡಿಸುವುದಿಲ್ಲ.

"ಇಲ್ಲೇ ಇಡು. ನಿನ್ ಬರವಣಿಗೆ ಕೆಲಸ ಎಲ್ಲಿ ಕುಂತ್ರೂ ಆಯ್ತದಲ್ಲ."

ಅಲ್ಲಿ ನಾನು ಮಾಡುತ್ತಿದ್ದ ಕೆಲಸ ಯಾವುದೆಂದು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಮೇಜು ಕೊಟ್ಟೆ.

ಮರುದಿನ ಸಂಜೆ ಮೀನು ಕರಟದ ಬಾಗಿಲಿನಿಂದ ತಲೆ ಹೊರಗೆ ಹಾಕಿತು. ನಿಧಾನವಾಗಿ ಈಚೆ ಬಂದು ಒಂದು ಸುತ್ತು ಹೊಡೆದು, ಮೇಲೆ ಬಂದು ಗಾಳಿ ಕುಡಿದು, ನೀಲಿ ರೆಕ್ಕೆಗಳನ್ನು ಪೂರ್ತಿ ಬಿಡಿಸಿತು. ಹಾಕಿದ ನಾಲ್ಕು ಕಾಳನ್ನೂ ತಿಂದಿತು. ಅಪ್ಪ ನನ್ನ ಭುಜ ಹಿಡಿದುಕೊಂಡರು. ಅಷ್ಟು ಸಂತೋಷ ನನಗೆ ಕೆಲಸ ಸಿಕ್ಕ ದಿನವೂ ಆಗಿರಲಿಲ್ಲ.

ಅಂದಿನಿಂದ ಸಂಜೆಯಾದರೆ ಕಾಫಿ ಲೋಟ ಹಿಡಿದು ಆ ಮೇಜಿನ ಮುಂದಿನ ಕುರ್ಚಿಯಲ್ಲಿ ಅಪ್ಪ ಕೂರುತ್ತಾರೆ. ಹುಟ್ಟಿದಾಗಿನಿಂದ ಸುಮ್ಮನೆ ಕೂತು ಗೊತ್ತಿಲ್ಲದ ಮನುಷ್ಯ ಎರಡೇ ವಾರದಲ್ಲಿ ನನ್ನನ್ನು ಮೀರಿಸಿದರು. ಸರೋಜ ಮೀನಿಗೂ ಮಾವನಿಗೂ ತೊಂದರೆಯಾಗಬಾರದೆಂದು ಟೀವಿಯನ್ನೇ ಆರಿಸಿಬಿಡುತ್ತಾಳೆ. ನಾನು ನೋಟ್‌ಬುಕ್ ಹಿಡಿದು ಅಟ್ಟ ಸೇರಿದ್ದೇನೆ. ಗಾಜಿನ ಹೆಂಚಿನಿಂದ ಇಳಿಯುವ ಬೆಳಕಿನ ಕೋಲಿನಲ್ಲಿ ಧೂಳು ಈಜುವುದನ್ನು ನೋಡುತ್ತ ಕಾಯಿರಾಶಿಗೆ ಒರಗಿದರೆ ಹೊತ್ತು ಹೋಗುವುದು ತಿಳಿಯುವುದಿಲ್ಲ. ಮೊನ್ನೆ ಅಪ್ಪ ಏಣಿ ಹತ್ತಿ ಬಂದು, ಒಂದೊಂದೇ ಕಾಯಿಯೆತ್ತಿ ಅಲ್ಲಾಡಿಸಿ ನೋಡುತ್ತ ನನ್ನವರೆಗೂ ಬಂದರು. ಬರಿಯ ಹಾಳೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಿವಿ ಹತ್ತಿರ ತಂದು, ಮೆಲ್ಲಗೆ ಅಲ್ಲಾಡಿಸಿದರು.

"ಇದು ಇನ್ನೂ ಒಂದ್ ವರ್ಷ ಇಲ್ಲೇ ಇರ್ಲಿ," ಎಂದು ಹೇಳಿ ಇಳಿದು ಹೋದರು. ನನಗೂ ಅದೇ ಬೇಕಾಗಿತ್ತು.