ಕಡೇ ಸಾಲಿಗೆ ಕೇಳಿಸುತ್ತಾ?

೧೯೫೨ರ ಜೂನ್ ೧೨, ಗುರುವಾರದ ನನ್ನ ಡೈರಿಯಲ್ಲಿ ಹೀಗಿದೆ: "ಅಪರಿಚಿತರೊಬ್ಬರು ಹಾಲ್ ನಡುವೆ ನಿಂತು ಚಪ್ಪಾಳೆ ತಟ್ಟಿ, ಏನೋ ಬರೆದುಕೊಂಡು ಹೋದರು. ವಿಚಾರಿಸಬೇಕು." ಶಂಕರಪುರದ ನಮ್ಮ ಮಹಿಳಾ ಸಮಾಜದಲ್ಲಿ ಇಂಥವು ನಡೆಯುತ್ತಲೇ ಇದ್ದವು. ನಾನು ಬಿ.ಎ. ಓದಿದ ಕಾರ್ಯದರ್ಶಿ, ಬರೆದಿಡುತ್ತಲೇ ಇದ್ದೆ.

ಹಾಲ್ ನೋಡಲು ಚೆಂದ. ಬಾಯಿ ತೆರೆದರೆ ಮಾತ್ರ ಒಂದು ಮಾತಿನ ಬೆನ್ನ ಮೇಲೆ ಇನ್ನೊಂದು ಬಿದ್ದು ಗುಂಯ್‌ಗುಡುತ್ತಿತ್ತು. ಅದನ್ನು ಬಿಟ್ಟುಕೊಟ್ಟಿದ್ದ ಮಾಲೀಕರು ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ವ್ಯಾಪಾರಿ. "ವಾರ್ಷಿಕ ಸಭೇಲಿ ಕಡೇ ಸಾಲಿಗೆ ಭಾಷಣ ಕೇಳಿಸ್ದೇ ಹೋದ್ರೆ ಈ ಹಾಲ್ ನಿಮಗ್ಯಾಕಮ್ಮ? ನನ್ನ ಕಾಗದದ ಗೋಡೌನ್ ಆಗ್ಲಿ" ಎಂದಿದ್ದರು. ಚಪ್ಪಾಳೆಯವರು ಅವರ ಗೂಢಚಾರರೆಂದೇ ನನ್ನ ಗುಮಾನಿ.

೧. ಸೀರೆ ಲೆಕ್ಕ

ಅಲ್ಲವಂತೆ. ನಮ್ಮ ಅಧ್ಯಕ್ಷೆಯೇ ಕರೆಸಿದ ಇಂಜಿನಿಯರಂತೆ. ಚಪ್ಪಾಳೆಯ ಮಾರ್ದನಿ ಅಳೆದು, ಹಾಲ್‌ನಲ್ಲಿ ಆಡಿದ ನೂರು ಮಾತಿನಲ್ಲಿ ಎಷ್ಟು ಅರ್ಥವಾಗುತ್ತದೆಂದು ಸಭೆಗೆ ಮೊದಲೇ ಹೇಳುತ್ತಾರಂತೆ.

"ಸಭೆಗೆ ಒಂಬತ್ತು ಗಜದ ಸೀರೆ ಎಷ್ಟು ಬರುತ್ತೆ, ಆರು ಗಜದ್ದು ಎಷ್ಟು?" ಎಂದರು ಇಂಜಿನಿಯರು.

"ನಮ್ಮ ಸೀರೆ ವಿಚಾರ ನಿಮಗ್ಯಾಕ್ರೀ?" ಎಂದೆ.

"ಬಟ್ಟೆ ಸದ್ದು ಹೀರುತ್ತೆ, ಅಮ್ಮ."

ಅಧ್ಯಕ್ಷೆ ಥಟ್ಟನೆ, "ಹಾಗಾದ್ರೆ ಎಲ್ಲರೂ ಒಂಬತ್ತು ಗಜಾನೇ ಉಟ್ಕೊಂಡು ಬರ್ಲಿ. ಅತ್ತೆಯಂದಿರ ಆಸೇನೂ ತೀರುತ್ತೆ!" ಎಂದರು.

೨. ನೂರಕ್ಕೆ ನೂರು

ಮೊದಲು ಪರೀಕ್ಷೆ. ವೇದಿಕೆಯಿಂದ ಓದಿದ್ದನ್ನು ಎಲ್ಲರೂ ಬರೆಯಬೇಕು, ಆಮೇಲೆ ಸರಿಯಾದವನ್ನು ಎಣಿಸಬೇಕು. ಇಂಜಿನಿಯರರ ಪಟ್ಟಿಯನ್ನು ನಂಬದೆ, ಶುಕ್ರವಾರ ನಾವೆಲ್ಲ ಹೇಳುವ ದೇವಿಯ ನಾಮಾವಳಿಯನ್ನು ನಾನೇ ಆರಿಸಿ, ಪುಸ್ತಕ ಹಿಡಿದು ಓದಿದೆ. ಎಲ್ಲರಿಗೂ ನೂರಕ್ಕೆ ನೂರು! ಬೀಗಿದೆ. ಅವರು ನಮ್ಮತ್ತೆಯ ಹಾಳೆ ನೋಡಿ, "ಇವರಿಗೆ ಕಿವಿ ಚೆನ್ನಾಗಿದ್ಯಾ?" ಎಂದರು. ಅತ್ತೆಗೆ ಎಂಟು ವರ್ಷದಿಂದ ಕೇಳಿಸುತ್ತಿರಲಿಲ್ಲ.

ಅತ್ತೆ ನನ್ನತ್ತ ತಿರುಗಿ, "ನೀನು ತುಂಬಾ ನಿಧಾನ ಕಣೇ. ನೀನು ಓದಿ ಮುಗಿಸೋಕೆ ಮುಂಚೇನೇ ನಾನು ಬರೆದು ಮುಗಿಸ್ದೆ" ಎಂದರು.

೩. ನಿಂಬೆಹಣ್ಣು

ಸರಿ, ಅವರ ಪಟ್ಟಿಯೇ ಬಂತು. ಅರ್ಥವಿಲ್ಲದ ಶಬ್ದಗಳು, ಊಹಿಸಲಾಗದಂಥವು. "ಘಣು... ಟೊಪೆ... ಝಿಮ..." ಎಂದು ಗಂಭೀರವಾಗಿ ಓದಿದರು. ಮೂರನೆಯದಕ್ಕೇ ಒಬ್ಬಾಕೆ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಇದು ಮಾಟಾನೇ, ಏಳ್ರೀ!" ಎಂದು ಹೊರಟಳು. ಅವಳ ಹಿಂದೆಯೇ ಹಾಲ್ ಬಹುಪಾಲು ಖಾಲಿ. ಉಳಿದ ಮೂವರ ಹಾಳೆ ಎಣಿಸಿದರೆ ನೂರಕ್ಕೆ ನಲವತ್ತು. "ಗೋಡೆಗೆಲ್ಲ ದಪ್ಪ ಬಟ್ಟೆ ಹೊಡೀರಿ, ಎಂಬತ್ತಾಗುತ್ತೆ" ಎಂದರು ಇಂಜಿನಿಯರು.

ಮಾರನೇ ದಿನ ಅಧ್ಯಕ್ಷೆ ಜಮಖಾನದ ಜೊತೆ ಬಾಗಿಲಿಗೆ ಕಟ್ಟಲು ನಿಂಬೆಹಣ್ಣು ಮೆಣಸಿನಕಾಯಿಯನ್ನೂ ತಂದರು. "ಎರಡೂ ಇರ್ಲಿ. ಯಾವುದು ಕೆಲ್ಸ ಮಾಡುತ್ತೋ!"

೪. ವಾರ್ಷಿಕ ಸಭೆ

ಹಾಲ್ ಮಾಲೀಕರು ತಮ್ಮ ಗುಮಾಸ್ತನೊಂದಿಗೆ ಬಂದು, ಬೇಕೆಂದೇ ಕಡೇ ಸಾಲಿನಲ್ಲಿ ಕೂತರು. ನಾನು ವರದಿ ಓದುತ್ತಾ ನೀರು ಕುಡಿಯಲು ನಿಲ್ಲಿಸಿದೆ. ಆಗ ಮಾಲೀಕರು ಗುಮಾಸ್ತನ ಕಿವಿಯಲ್ಲಿ ಹೇಳಿದ್ದು ವೇದಿಕೆಯವರೆಗೆ ಸ್ವಚ್ಛವಾಗಿ ತೇಲಿಬಂತು: "ಒಂದಕ್ಷರಾನೂ ಕೇಳಿಸ್ಲಿಲ್ಲ ಅಂತ ಬರ್ಕೊಳ್ಳಯ್ಯ."

ನಾನು ಲೋಟ ಇಟ್ಟು, "ಬರೆದಾಯ್ತಾ ಸ್ವಾಮಿ? ವರದಿ ಮುಂದುವರಿಸ್ಲಾ?" ಎಂದೆ.

ಹಾಲ್ ನಮಗೇ ಉಳಿಯಿತು. ಅದಕ್ಕೆ ತೆತ್ತದ್ದು ಏಳು ಮನೆಯ ಜಮಖಾನ, ನಾಲ್ಕು ಕಂಬಳಿ, ಮತ್ತು ನನ್ನ ಮದುವೆಗೆ ತವರಿನವರು ಕೊಟ್ಟ ರತ್ನಗಂಬಳಿ. ಹಾಲ್ ಗೋಡೆಗೆ ಮೊಳೆ ಹೊಡೆದ ಮೇಲೆ ಅದು ಮನೆಗೆ ಮರಳಲಿಲ್ಲ. ಮರುವರ್ಷ ನನ್ನ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರನ್ನು ಚಾಪೆಯ ಮೇಲೆ ಕೂರಿಸಿದೆವು.