ಹುಚ್ಚಿನ ಓದು

ನಿಜಾಮರ ಕಾಲದಲ್ಲಿ ನಮ್ಮ ಕೊಪ್ಪಳದಿಂದ ಹೈದರಾಬಾದಿಗೆ ಓದಲು ಹೋದವರೆಲ್ಲ ವಕೀಲರಾಗಿ ಬಂದರು. ನಾನು ಓದಿದ್ದು ಮನೋವಿಕಾರಗಳ ಶಾಸ್ತ್ರ. ಆ ಹೆಸರು ಬಾಯಿಂದ ಬಿದ್ದಲ್ಲೆಲ್ಲ ಏನಾದರೊಂದು ನಡೆದೇ ತೀರುತ್ತಿತ್ತು.

೧. ಅಪ್ಪನ ಸಂಶಯ

ಅಪ್ಪ ಹತ್ತಿ ವ್ಯಾಪಾರಿ. "ಅಂದ್ರ ಏನು ಕಲಿಸ್ತಾರಲೇ ಅಲ್ಲಿ?" ಎಂದು ಕೇಳಿದ.

"ಮಂದಿ ಹುಚ್ಚರಂಗ ಯಾಕ ಮಾಡ್ತಾರ ಅನ್ನೂದು."

ಅಪ್ಪ ಪಡಸಾಲೆಯ ಕಡೆ ನೋಡಿದ. ಅಲ್ಲಿ ನಮ್ಮ ಕಾಕಾ ನಿಂತುಹೋದ ಗಡಿಯಾರಕ್ಕೆ ಬುದ್ಧಿ ಹೇಳುತ್ತ ಕೂತಿದ್ದ.

"ಇದಕ್ಕ ಹೈದರಾಬಾದ್ ಯಾಕ ಬೇಕಿತ್ತೋ?"

೨. ಎಂಟನೆಯ ಅಧ್ಯಾಯ

ನನ್ನ ಕೋಣೆಯ ಜೊತೆಗಾರ ಯಲಬುರ್ಗಿಯವನು. ಬೆಳಿಗ್ಗೆ ಯಾವ ರೋಗದ ಪಾಠವಾದರೂ ಸಂಜೆಗೆ ಅವನಿಗೆ ಅದು ಬಂದಿರುತ್ತಿತ್ತು. ಏಳು ಅಧ್ಯಾಯ ಮುಗಿದಾಗ ಊಟ ಬಿಟ್ಟ. ಹೆದರಿ ಪ್ರೊಫೆಸರರ ಹತ್ತಿರ ಕರೆದುಕೊಂಡು ಹೋದೆ. ಅವರು ಎಲ್ಲ ಕೇಳಿಸಿಕೊಂಡು ಉರ್ದುವಿನಲ್ಲಿ ಹೇಳಿದರು:

"ಎಂಟನೆಯದು ಮರೆವಿನ ರೋಗ. ಬೇಗ ಓದಿಬಿಡು, ಮೊದಲಿನ ಏಳೂ ಹೋಗುತ್ತವೆ."

ಓದಿದ. ಏಳೂ ಹೋದವು. ಪರೀಕ್ಷೆಯೂ ಹೋಯಿತು.

೩. ಒಬ್ಬರೇ ಮಾತು

ಕಾಲೇಜಿನ ಸೂಟಿಯಲ್ಲಿ ಗಂಗಾವತಿಗೆ ಹೋದಾಗ ನೆಂಟರ ಪೈಕಿ ಒಬ್ಬಾಕೆ, "ನಮ್ಮನಿಯವರು ಒಬ್ಬರ ಕುಂತು ಮಾತಾಡ್ತಾರ, ಒಂಚೂರು ನೋಡಪಾ" ಎಂದರು. ನಾನು ಯಜಮಾನರ ಎದುರು ಕೂತು ಪುಸ್ತಕದಲ್ಲಿದ್ದಂತೆ ಕೇಳಿದೆ:

"ನೀವು ಮಾತಾಡಿದ್ರ ಯಾರರ ತಿರುಗಿ ಉತ್ತರ ಕೊಟ್ಟಂಗ ಕೇಳತೈತೇನ್ರಿ?"

"ಇಲ್ಲಪಾ," ಎಂದರು, ಹೆಂಡತಿಯಿದ್ದ ಅಡುಗೆಮನೆಯ ಕಡೆ ಕಣ್ಣು ಹಾಯಿಸಿ. "ಅದಕ್ಕs ಮಾತಾಡತೀನಿ."

೪. ಕುಷ್ಟಗಿಯ ಕನ್ಯೆ

ಕೊನೆಯ ವರ್ಷಕ್ಕೆ ಮುಂಚಿನ ಸೂಟಿಯಲ್ಲಿ ಅಪ್ಪ ನನ್ನನ್ನು ಕನ್ಯೆ ನೋಡಲು ಕುಷ್ಟಗಿಗೆ ಕರೆದೊಯ್ದ. ಪಾಠಕ್ಕೆಂದು ನಾವು ಹುಚ್ಚರ ದವಾಖಾನೆಗೆ ಹೋಗುತ್ತಿದ್ದ ಸುದ್ದಿ ಅಲ್ಲಿಗೆ ಮೊದಲೇ ಮುಟ್ಟಿತ್ತು. ಪಾಠದ ಸುದ್ದಿ ಮುಟ್ಟಿರಲಿಲ್ಲ. ಹುಡುಗಿಯ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಅಪ್ಪನನ್ನು ಕೇಳಿದಳು:

"ಹುಚ್ಚರ ದವಾಖಾನಿಗೆ ಹೋಗತಾನಂತ, ಖರೇ ಏನ್ರಿ?"

"ಖರೇರಿ," ಎಂದ ಅಪ್ಪ ಹೆಮ್ಮೆಯಿಂದ. "ಇನ್ನೊಂದು ವರ್ಷ ಐತಿ."

"ಮತ್ತ ಈಗ ಹೆಂಗ ಬಿಟ್ಟಾರ?"

"ಸೂಟಿ ಕೊಟ್ಟಾರ್ರಿ. ತಿರುಗಿ ಹೋಗಬೇಕು. ಅಲ್ಲಿರೋ ಅಷ್ಟೂ ಮಂದ್ಯಾಗ ಇವನs ಪೈಲಾ ನಂಬರ್."

ಅಜ್ಜಿ ಅವಲಕ್ಕಿ ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು. ನಾನು ಬಾಯಿ ತೆರೆದೆ. "ನೀ ಸುಮ್ನಿರಪಾ, ದಣೀಬ್ಯಾಡ" ಎಂದಳು. ನನ್ನ ಲಗ್ನ ಅಲ್ಲಿಗೇ ಮುಗಿಯಿತು ಎಂದುಕೊಂಡೆ.

ಆಗ ಬಾಗಿಲ ಹಿಂದಿನಿಂದ ಹುಡುಗಿ, ಈಗ ನನ್ನ ಹೆಂಡತಿ, ಅಂದಳು:

"ಇರಲಿ ಬಿಡಬೇ. ನಮ್ಮ ಮನ್ಯಾಗ ಓದದs ಹಂಗ ಅದಾರ. ಇವರು ಓದ್ಯರ ಆಗ್ಯಾರ."